ಬಲೆ ನೀರಿನಲ್ಲಿರುವಾಗ ಕೇಳಬಾರದು

ಈಚೆಗೆ ಬೆಳಗಾದರೆ ಸಾಕು, ನಾನು ಶ್ರೀಮಂತಳಾಗಲಿ ಎಂದು ಯಾರಾದರೊಬ್ಬರು ನನ್ನ ಫೋನಿಗೆ ಹಾರೈಕೆ ಕಳಿಸಿರುತ್ತಾರೆ. ಅವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ನನ್ನ ಮೇಲೆ ಅಷ್ಟು ಅಕ್ಕರೆ ಯಾಕೆಂದೂ ಗೊತ್ತಿಲ್ಲ. ಒಬ್ಬಳಂತೂ ಸಿಂಗಾಪುರದಲ್ಲಿದ್ದಾಳಂತೆ. ತಪ್ಪಿ ನಿಮಗೆ ಸಂದೇಶ ಬಂತು, ಕ್ಷಮಿಸಿ, ಆದರೂ ನಿಮ್ಮ ಮುಖ ನೋಡಿದರೆ ಒಳ್ಳೆಯವರೆಂದು ತಿಳಿಯುತ್ತದೆ, ಗೆಳತಿಯರಾಗೋಣವೇ ಎಂದು ಬರೆದಿದ್ದಳು. ನನ್ನ ಫೋನಿನಲ್ಲಿ ಮುಖ ಇರಬೇಕಾದ ಜಾಗದಲ್ಲಿ ಇರುವುದು ನಮ್ಮ ಹಿತ್ತಲ ತುಳಸಿಕಟ್ಟೆ. ಅದನ್ನು ನೋಡಿಯೇ ನನ್ನ ಗುಣ ಹೇಳಿದ ಈ ಮಹಾತಾಯಿಯ ಸಂದೇಶವನ್ನು ಯಜಮಾನರಿಗೆ ತೋರಿಸಿದೆ. ಇಷ್ಟು ವರ್ಷ ಜೊತೆಗಿದ್ದು ಅವರು ಕಂಡುಹಿಡಿಯಲಾರದ್ದನ್ನು ಅವಳು ಕಂಡುಹಿಡಿದಿದ್ದಳಲ್ಲ! ಅವರು ಪತ್ರಿಕೆಯಿಂದ ತಲೆ ಎತ್ತದೆ, "ಅವಳಿಗೆ ನಿನ್ನ ಪಿಂಚಣಿ ಕಂಡಿರಬೇಕು" ಎಂದರು.

ನಾನು ಕಾರವಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನು, ಮುಂದೆ ಬೋರ್ಡು, ಕೈಯಲ್ಲಿ ಹಗ್ಗದಂಥ ವೈರು. ಬೈತಖೋಲದ ಬಂದರಿನಿಂದ ಮುಂಬಯಿಗೆ ಟ್ರಂಕ್ ಕಾಲ್ ಹಾಕಿಸಿದವರು ಲೈನು ಸಿಗುವಷ್ಟರಲ್ಲಿ ಮೀನು ಮಾರಿ, ಊಟ ಮಾಡಿ, ಒಂದು ನಿದ್ದೆ ತೆಗೆದು ಬರುತ್ತಿದ್ದರು. ಆಗಿನವರು ಫೋನಿನಲ್ಲಿ ಬೇಕಾದ್ದನ್ನಷ್ಟೇ ಆಡುತ್ತಿದ್ದರು. ಹುಟ್ಟು, ಸಾವು, ಮಂಜುಗಡ್ಡೆ ಬರಲಿಲ್ಲ, ಬಂಗಡೆ ಬಂತು. ಅದೂ ಕೂಗಿ. ಫೋನಿಲ್ಲದಿದ್ದರೂ ಅರ್ಧ ದಾರಿ ಮುಟ್ಟುವಂಥ ಗಂಟಲು ನಮ್ಮ ಕರಾವಳಿಯವರದು. ಒಬ್ಬರಿಗೊಬ್ಬರು ಗುರುತಿಲ್ಲದವರು ಕೂಡಿ ಆಡಿದ ಒಂದೇ ಒಂದು ಕರೆ ನನಗೆ ನೆನಪಿಲ್ಲ. ಕಾಸು ಕೊಟ್ಟು ಅಪರಿಚಿತರಿಗೆ ಶುಭ ಕೋರುವ ಹುಚ್ಚು ಯಾರಿಗೂ ಇರಲಿಲ್ಲ. ಆ ಕಾಲ ನೆನೆದರೆ ಈಗಲೂ ನನಗೆ ಆಸೆಯಾಗುತ್ತದೆ.

ಈಗಿನ ಹಾರೈಕೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ, ಆ ಕ್ರಿಪ್ಟೋ ನಾಣ್ಯದ ಹತ್ತಿರ. ಅದು ಏನೆಂದು ತಿಳಿದುಕೊಳ್ಳಲು ನಾನು ಪ್ರಾಮಾಣಿಕವಾಗಿ ಹೆಣಗಿದ್ದೇನೆ. ಪತ್ರಿಕೆಯ ಪುರವಣಿ ಓದಿದೆ, ಕನ್ನಡಕ ಒರೆಸಿ ಮತ್ತೆ ಓದಿದೆ. ಅರ್ಥವಾದದ್ದು ಇಷ್ಟು: ಅದನ್ನು ಯಾವ ಸರಕಾರವೂ ಟಂಕಿಸುವುದಿಲ್ಲ, ಅದು ಎಲ್ಲೂ ಇಲ್ಲ, ಆದರೆ ಎಲ್ಲರ ಕಂಪ್ಯೂಟರಿನಲ್ಲೂ ಅದರ ಲೆಕ್ಕ ಇದೆ. ಕೈಗೆ ಸಿಗದ ದುಡ್ಡು ಎಂದಾಕ್ಷಣ ನಗುವ ಅಧಿಕಾರ ನನಗಿಲ್ಲ, ಪಿಂಚಣಿಯೂ ನನ್ನ ಕೈಗೆ ಸಿಗುವುದಿಲ್ಲ, ಪರದೆಯ ಮೇಲೆ ಬಂದು ಪರದೆಯ ಮೇಲೇ ಹೋಗುತ್ತದೆ. ನಮ್ಮ ಹಾರವಾಡದ ದಂಡೆಯಲ್ಲಿ ಚಿಕ್ಕಂದಿನಲ್ಲಿ ನಾವು ಲಂಗದಲ್ಲಿ ತುಂಬಿಕೊಂಡು ಬರುತ್ತಿದ್ದ ಕವಡೆ ಒಂದು ಕಾಲಕ್ಕೆ ನಿಜವಾದ ಹಣವೇ ಆಗಿತ್ತು. ಹುಳ ಬಿಟ್ಟುಹೋದ ಚಿಪ್ಪಿಗೆ ಜನ ಅಕ್ಕಿ ಅಳೆದು ಕೊಟ್ಟಿದ್ದಾರೆ. ಮೆಣಸಿಗೂ ಬಟ್ಟೆಗೂ ಹಡಗು ಹತ್ತಿ ಕಾರವಾರಕ್ಕೆ ಬಂದ ಪರದೇಶದ ವ್ಯಾಪಾರಿಗಳು ಕೊಟ್ಟ ನಾಣ್ಯವನ್ನು ನಮ್ಮ ಸರಾಫರು ಕಲ್ಲಿಗೆ ಬಡಿದು ಸದ್ದು ಕೇಳಿ, ಹಲ್ಲಿನಲ್ಲಿ ಕಚ್ಚಿ ನೋಡಿ ಒಳಗಿಟ್ಟುಕೊಂಡಿರಬೇಕು. ಹಣವೆನ್ನುವುದು ಯಾವತ್ತೂ ನಂಬಿಕೆಯೇ. ನಂಬುವ ಮೊದಲು ಒಮ್ಮೆ ಕಚ್ಚಿ ನೋಡುವ ಅವಕಾಶವೊಂದು ಆಗ ಇತ್ತು.

ಇದನ್ನೆಲ್ಲ ನಾನು ಆರಾಮ ಕುರ್ಚಿಯಲ್ಲಿ ಕೂತು ಯೋಚಿಸುತ್ತಿದ್ದ ದಿನಗಳಲ್ಲೇ ನನ್ನ ತಮ್ಮ ವಾಮನ ಮನೆಗೆ ಬಂದ. ಅವನು ಹಾರವಾಡದಲ್ಲೇ ಇದ್ದಾನೆ. ಸಣ್ಣ ದೋಣಿ ಇದೆ, ಅದಕ್ಕೊಂದು ಎಂಜಿನ್ ಇದೆ, ಆ ಎಂಜಿನ್ನಿಗೆ ಅದರದ್ದೇ ಆದ ಹಟವಿದೆ. ಹೊಸದು ತೆಗೆದುಕೊಳ್ಳಲು ಅವನೂ ಅವನ ಹೆಂಡತಿ ನೀಲಾಳೂ ತುಂಬ ದಿನದಿಂದ ಕೂಡಿಡುತ್ತಿದ್ದರು. ಬೈತಖೋಲದಲ್ಲಿ ಎಂಜಿನ್ ನೋಡಿಕೊಂಡು ಬಂದನೆಂದುಕೊಂಡು, ಅವನು ತಂದಿದ್ದ ನೊಗಲಿ ಮೀನನ್ನು ಹುರಿದು ಬಡಿಸಿದೆ. ಅವನು ತಟ್ಟೆಯ ಪಕ್ಕದಲ್ಲಿ ಫೋನು ಇಟ್ಟುಕೊಂಡು, ಎಡಗೈ ಬೆರಳಲ್ಲಿ ಪರದೆ ಸವರುತ್ತ ನಗುತ್ತಿದ್ದ. ಮೀನಿನ ಮುಂದೆ ಕೂತು ಬೇರೆ ಕಡೆ ನೋಡುವ ಜಾತಿಯವನಲ್ಲ ನನ್ನ ತಮ್ಮ.

"ಎಂತದು ತಮಾ ಅದು?" ಎಂದೆ.

"ಕಾಯಿನ್ ಅಕ್ಕಾ. ದಿನಾ ಬೆಳಿತದೆ. ನೋಡ್ ಇಲ್ಲಿ, ನಿನ್ನೆಗಿಂತ ಹೆಚ್ಚು. ನಾನ್ ಏನೂ ಮಾಡೂದೇ ಬೇಡ. ನೀನೂ ಒಂದ್ ಕೈ ಹಾಕು. ಹೆಚ್ಚ್ ಜನ ಹಾಕಿದಂಗೆ ಎಲ್ಲಾರಿಗೂ ಹೆಚ್ಚ್ ಪಾಲು."

ಎಂಜಿನ್ನಿನ ದುಡ್ಡು ಅದರೊಳಗೆ ಹೋಗಿತ್ತು. ಮೊದಲು ಸ್ವಲ್ಪ ಹಾಕಿದ್ದನಂತೆ, ಸ್ವಲ್ಪ ಲಾಭ ಬಂತಂತೆ, ಅದನ್ನು ತೆಗೆದು ನೀಲಾಳಿಗೆ ಮಿಕ್ಸರ್ ಕೊಡಿಸಿದನಂತೆ. ಮಿಕ್ಸರ್ ತಿರುಗಿದ ಸದ್ದು ಕೇರಿಗೆಲ್ಲ ಕೇಳಿಸಿತು. ಕೇಳಿದವರು ಬಂದರು, ಬಂದವರೂ ಕೈ ಹಾಕಿದರು. ಹಾರವಾಡದ ನಮ್ಮ ಆಚೆಮನೆಯ ಕುಸುಮಕ್ಕ ಕೂಡ ಹಾಕಿದ್ದಳು. ಒಣಮೀನು ಬುಟ್ಟಿ ಹೊತ್ತು ಅಂಕೋಲೆಯ ಓಣಿ ಓಣಿ ತಿರುಗಿ ಮನೆ ನಡೆಸಿದ ಹೆಂಗಸು ಅವಳು. ಗಂಡ ಇಲ್ಲ, ಮೈಮೇಲೆ ಬಂಗಾರವೆಂದರೆ ಕೈಯಲ್ಲಿನ ಎರಡು ಬಳೆ.

ನಾನು ಹೆಚ್ಚು ಬುದ್ಧಿವಂತಳೇನಲ್ಲ, ಆದರೆ ಅಕ್ಕನಾದವಳು ಒಂದಾದರೂ ಅಡ್ಡಮಾತು ಆಡಬೇಕಲ್ಲ! "ಹಂಗಾರೆ ಈಗ ಸ್ವಲ್ಪ ತೆಗೆದ್ ತೋರ್ಸು" ಎಂದೆ.

ವಾಮನನ ಮುಖ ಬದಲಾಯಿತು. ಅಮಂಗಳ ಮಾತು ಕೇಳಿದವನಂತೆ ಕೈ ಅಡ್ಡ ಹಿಡಿದ. "ಶ್! ಅವಧಿ ಮುಗಿಯೂ ತನಕ ತೆಗಿಯೂಕೆ ಆಗೂದಿಲ್ಲ. ಬಲೆ ನೀರಲ್ಲಿ ಇರೂವಾಗ ಕೇಳ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ? ತಾಂಡೇಲನ ಮಗಳಾಗಿ ಹಿಂಗೆ ಮಾತಾಡ್ತ್ಯಲ್ಲ!"

ಆ ಮಾತು ಕೇಳಿ ನಾನು ಬಾಯಿ ಮುಚ್ಚಿದೆ. ನಿಮಗೆ ನಗು ಬರಬಹುದು. ಆದರೆ ರಂಪಣಿಯ ಊರಿನಲ್ಲಿ ಹುಟ್ಟಿದವರಿಗೆ ಆ ಮಾತಿನ ಮೇಲೆ ಮಾತಿಲ್ಲ.

ರಂಪಣಿಯೆಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ಈಗ ಟ್ರಾಲರು, ಪರ್ಸೀನ್ ಬೋಟುಗಳು ಬಂದು ಅದನ್ನು ಮೂಲೆಗೆ ತಳ್ಳಿವೆ. ನಮ್ಮ ಕಾಲಕ್ಕೆ ಊರೆಂದರೆ ರಂಪಣಿ, ರಂಪಣಿಯೆಂದರೆ ಊರು. ಸಮುದ್ರದ ಬಣ್ಣ ನೋಡಿ ಬಂಗಡೆಯ ಹಿಂಡು ಬಂದಿದೆಯೆಂದು ಗೊತ್ತಾದರೆ ರಂಪಣಿಯ ಮುಂದಾಳು, ತಾಂಡೇಲನಾದ ನಮ್ಮ ಅಪ್ಪ ಕೂಗು ಹಾಕುತ್ತಿದ್ದ. ದೋಣಿ ಬಲೆಯನ್ನು ಅರ್ಧಚಂದ್ರಾಕಾರಕ್ಕೆ ಬಿಡುತ್ತ ಹೋಗಿ ಬಂದರೆ, ಎರಡು ತುದಿಯ ಹಗ್ಗಗಳಿಗೆ ಎರಡು ಕಡೆ ಜನ ಬೀಳುತ್ತಿದ್ದರು. ಒಲೆ ಮೇಲಿನ ಗಂಜಿ ಅಲ್ಲೇ ಬಿಟ್ಟು ಆಯಿ ಓಡುತ್ತಿದ್ದಳು. ಶಾಲೆಗೆ ಹೊರಟ ನಾವು ಪಾಟಿಚೀಲ ಮರಳಿನ ಮೇಲೆಸೆದು ಓಡುತ್ತಿದ್ದೆವು. ಹಗ್ಗ ಮುಟ್ಟಿದವರಿಗೆಲ್ಲ ಪಾಲು, ಅದೇ ಕಾನೂನು. ಅಂಕೋಲೆಯ ಬಸ್ಸು ತಪ್ಪಿಸಿಕೊಂಡು ದಂಡೆಗೆ ಬಂದ ಪರವೂರಿನವನು ಕೈ ಹಚ್ಚಿದರೂ ಅವನ ಟವೆಲಿನಲ್ಲಿ ನಾಲ್ಕು ಮೀನು ಬೀಳುತ್ತಿತ್ತು. ಬಸುರಿ ಹೆಂಗಸು ಹಗ್ಗ ಹಿಡಿದರೆ ಅಪ್ಪ ಹೊಟ್ಟೆಯೊಳಗಿನದಕ್ಕೂ ಪಾಲು ಹಾಕುತ್ತಿದ್ದ, "ಅದೂ ಎಳ್ದದೆ" ಅಂತ. ಇದನ್ನು ಬರೆಯುವಾಗ ನನ್ನ ಕಣ್ಣು ತುಂಬುತ್ತಿದೆ, ಆ ದಂಡೆ ನನಗೆ ಬೇಕು ಎನಿಸುತ್ತಿದೆ, ಮುಚ್ಚಿಡುವುದೇಕೆ?

ಆ ಎಳೆತಕ್ಕೆ ಒಂದು ಕಟ್ಟುಪಾಡಿತ್ತು. ಬಲೆ ನೀರಿನಲ್ಲಿ ಇರುವಷ್ಟು ಹೊತ್ತು ಎಷ್ಟು ಮೀನಿದೆ, ಏನು ಮೀನಿದೆ ಎಂದು ಯಾರೂ ಕೇಳಬಾರದು. ಕೇಳಿದರೆ ಹಿಂಡು ಬಲೆ ಹಾರಿಹೋಗುತ್ತದೆ ಎಂದು ನಂಬಿಕೆ. ನಾನೊಮ್ಮೆ ಬಾಯಿ ತಡೆಯದೆ "ತಾರ್ಲೆನೋ ಬಂಗಡೆನೋ?" ಎಂದು ಕೇಳಿ ಆಯಿಯಿಂದ ಬೆನ್ನಿಗೆ ಒಂದು ತಿಂದಿದ್ದೆ. ಯೋಚಿಸಿದರೆ ಇದರಲ್ಲಿ ತಿಳಿವಳಿಕೆಯೂ ಇತ್ತು. ಕಡಿಮೆ ಇದೆಯೆಂದು ಗೊತ್ತಾದರೆ ಕೈಗಳು ಸಡಿಲಾಗುತ್ತವೆ, ಹೆಚ್ಚಿದೆಯೆಂದು ಗೊತ್ತಾದರೆ ಹಗ್ಗ ಬಿಟ್ಟು ಜನ ನೀರಿಗೆ ನುಗ್ಗುತ್ತಾರೆ. ಕೇಳದೆ ಎಳೆಯುವುದನ್ನು ನಮಗೆ ಹೀಗೆ ಹುಟ್ಟಿನಿಂದ ಕಲಿಸಿದ್ದರು. ಬೇರೆ ಊರಿನವರು ಆಸೆಗೆ ಬಿದ್ದು ಮೋಸ ಹೋದರೆ, ನಮ್ಮವರು ಮರ್ಯಾದೆಗೆ ಬಿದ್ದು ಮೋಸ ಹೋದರು. ನಾನೂ ಆ ಮರ್ಯಾದೆಯವಳೇ ಆದ್ದರಿಂದ ವಾಮನನಿಗೆ ಇನ್ನೊಂದು ಮೀನು ಬಡಿಸಿ ಕಳಿಸಿದೆ.

ಆಮೇಲೆ ನೀಲಾಳ ಫೋನು ಬಂತು. "ಅತ್ಗೇ, ಇವ್ರು ಊಟಾನೇ ಮಾಡೂದಿಲ್ಲ. ದೋಣಿಗೂ ಹೋಗ್ಲಿಲ್ಲ. ಕೇಳಿದ್ರೆ ಟ್ಯಾಕ್ಸ್ ಟ್ಯಾಕ್ಸ್ ಅಂತರು" ಎಂದಳು. ಬಿಡಿಸಿ ಕೇಳಿದಾಗ ತಿಳಿದದ್ದು ಹೀಗೆ. ಅವಧಿ ಮುಗಿದಿತ್ತು. ಪರದೆಯ ಮೇಲೆ ಹಣ ಗುಡ್ಡೆಯಾಗಿತ್ತು. ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಬೇಕು, ಕಟ್ಟಿದ ಮೇಲೆ ಎಲ್ಲ ಒಟ್ಟಿಗೇ ಬರುತ್ತದೆ, ಸೋಮವಾರದೊಳಗೆ ಕಟ್ಟದಿದ್ದರೆ ಖಾತೆಯೇ ಮುಚ್ಚಿಹೋಗುತ್ತದೆ ಎಂದು, ಇದರಲ್ಲಿ ದುಡ್ಡು ಹಾಕಿಸಿದ ಆ ಕಡೆಯ ಮೇಡಂ ಒಬ್ಬಳು ಬರೆದಿದ್ದಳು. ಕುಸುಮಕ್ಕ ಬಳೆಗಳನ್ನು ಅಡವಿಟ್ಟು ತೆರಿಗೆ ಕಟ್ಟಲು ಸೋಮವಾರ ಬೆಳಿಗ್ಗೆ ಅಂಕೋಲೆಗೆ ಹೊರಡುವವಳಿದ್ದಳು. ನೀಲಾ ಫೋನು ಮಾಡಿದ್ದು ಭಾನುವಾರ. ನಾನು ಚೀಲ ಹೆಗಲಿಗೇರಿಸಿ ಹಾರವಾಡಕ್ಕೆ ಬಸ್ಸು ಹತ್ತಿದೆ.

ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಸಮುದ್ರದ ಬದಿಯ ಕಿಟಕಿಗೆ ನಾನು ಈಗಲೂ ಜಗಳಾಡುತ್ತೇನೆ. ಬೈತಖೋಲ ದಾಟಿ, ಘಟ್ಟದ ತಿರುವು ಇಳಿದು, ತೋಡೂರಿನ ಕಡೆ ಬಂದರೆ ಈಗ ಕಿಟಕಿಯಲ್ಲಿ ಕಾಣುವುದು ಹೆಚ್ಚಾಗಿ ಗೋಡೆ. ಗೋಡೆಯ ಆಚೆ ನೌಕಾನೆಲೆ, ಅದರಾಚೆ ನಮ್ಮ ಹಳೆಯ ದಂಡೆಗಳು. ತೋಡೂರಿನಲ್ಲಿ ನನ್ನ ಸೋದರತ್ತೆಯ ಮನೆಯಿತ್ತು, ಅಲ್ಲಿಯ ರಂಪಣಿಯಲ್ಲೂ ನನ್ನ ಕೈಯ ಚರ್ಮ ಸುಲಿದಿದೆ. ಈಗ ಅಲ್ಲಿ ಇಳಿದು ನೀರಿಗೆ ಕಾಲು ಕೊಡುವ ಹಾಗಿಲ್ಲ. ದಂಡೆ ಹೋದರೂ ದಂಡೆಯ ಬುದ್ಧಿ ನಮ್ಮಲ್ಲಿ ಉಳಿದಿದೆಯಲ್ಲ, ಕೂಗು ಕೇಳಿದರೆ ಓಡುವುದು, ಹಗ್ಗ ಕಂಡರೆ ಹಿಡಿಯುವುದು. ಆ ಅಪರಿಚಿತ ಮೇಡಂಗೆ ಇದನ್ನು ಯಾರು ಹೇಳಿಕೊಟ್ಟರೋ ಎಂದು ಯೋಚಿಸುತ್ತ ಕೂತೆ. ಯಾರೂ ಹೇಳಿಕೊಟ್ಟಿರಲಾರರು. ಎಲ್ಲ ಊರಿಗೂ ಒಂದೇ ಬಲೆ ಬೀಸುತ್ತಾರೆ, ಆಯಾ ಊರಿನವರು ತಮ್ಮ ತಮ್ಮ ಕಾರಣಕ್ಕೆ ಸಿಕ್ಕಿಕೊಳ್ಳುತ್ತಾರೆ.

ವಾಮನ ಜಗಲಿಯಲ್ಲಿ ಹರಿದ ಬಲೆ ಹೊಲಿಯುತ್ತ ಕೂತಿದ್ದ. ಹೊಲಿಯುತ್ತಿರಲಿಲ್ಲ, ಸೂಜಿ ಹಿಡಿದಿದ್ದ ಅಷ್ಟೆ. ನಾನು ಪಕ್ಕದಲ್ಲಿ ಕೂತು ಫೋನು ಇಸಿದುಕೊಂಡು ನೋಡಿದೆ. ಆ ಕಾಯಿನ್ನಿನ ಆ್ಯಪು ಎಲ್ಲರೂ ಇಳಿಸಿಕೊಳ್ಳುವ ಅಂಗಡಿಯಿಂದ ಬಂದದ್ದಲ್ಲ, ಮೇಡಂ ಕಳಿಸಿದ ಲಿಂಕಿನಿಂದ ಇಳಿದದ್ದು. ಒಂದು ಗುಂಪು ಇತ್ತು, ಅದರ ತುಂಬ ಧನ್ಯವಾದ ಹೇಳುವವರು, ಹೊಸ ಕಾರಿನ ಮುಂದೆ ನಿಂತವರು. ಒಬ್ಬನಾದರೂ ಗೊಣಗುವವನಿಲ್ಲ. ನಾನು ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಕೂತವಳು, ಗೊಣಗುವವನಿಲ್ಲದ ಜನಸಮೂಹವನ್ನು ಕಂಡಿಲ್ಲ, ಅಂಥ ಸುಖದ ಊರು ಭೂಮಿಯ ಮೇಲಿಲ್ಲ. ಮಾರುಕಟ್ಟೆ ಏರಲಿ ಇಳಿಯಲಿ, ಇವರ ನಾಣ್ಯ ಮಾತ್ರ ದಿನವೂ ತಪ್ಪದೆ ಬೆಳೆದಿತ್ತು. ಇನ್ನೂ ಮೇಲೆ ಹೋದಾಗ ಒಂದು ಸಾಲು ಸಿಕ್ಕಿತು. ಬ್ಯಾಂಕಿನವರು ಕೇಳಿದರೆ ಮನೆ ರಿಪೇರಿಗೆ ಎಂದು ಹೇಳಿ, ಹೂಡಿಕೆಯೆಂದು ಹೇಳಬೇಡಿ. ಅದನ್ನು ಅವನ ಮುಂದೆ ಹಿಡಿದೆ.

"ತಮಾ, ಸುಳ್ಳ್ ಹೇಳು ಅಂತ ಹೇಳ್ಕೊಟ್ಟಿದ್ರಲ್ಲೋ. ಆವಾಗಾದ್ರೂ ನಿಂಗೆ ಏನೂ ಅನ್ಸಲಿಲ್ವಾ?"

"ಅನ್ಸಿತ್ತು" ಎಂದ. ಸೂಜಿಯನ್ನು ಬಲೆಗೆ ಚುಚ್ಚಿಟ್ಟು, "ಆದ್ರೆ ಟ್ಯಾಕ್ಸ್ ಸುಳ್ಳಲ್ಲ ಅಕ್ಕಾ. ರಂಪಣಿಲೂ ಮೊದ್ಲು ಬಲೆ ಪಾಲು, ದೋಣಿ ಪಾಲು, ದೇವ್ರ ಪಾಲು ತೆಗಿತಿರ್ಲಿಲ್ವಾ? ಆಮೇಲೇ ಅಲ್ವಾ ನಮ್ಗೆ?" ಎಂದ.

ನನಗೆ ಅಳು ಬರುವಷ್ಟು ಸಿಟ್ಟು ಬಂತು, ಅವನ ಮೇಲಲ್ಲ. ಎಷ್ಟು ನ್ಯಾಯವಾಗಿ ಮೋಸ ಹೋಗಿದ್ದಾನೆ ನನ್ನ ತಮ್ಮ! "ತೆಗಿತಿದ್ರು. ಎಲ್ಲಿಂದ ತೆಗಿತಿದ್ರು? ಮರಳ ಮೇಲೆ ಬಿದ್ದ ರಾಶಿಯಿಂದ. ದೇವ್ರ ಪಾಲಿಗೆ ನಿನ್ನ ಮನೆಯಿಂದ ಮೀನ್ ತಂದ್ ಕೊಡು, ಆಮೇಲೆ ರಾಶಿ ಮುಟ್ಟು ಅಂತ ಅಪ್ಪ ಯಾರಿಗಾದ್ರೂ ಹೇಳಿದ್ನಾ? ಈಗ ಆ ಮೇಡಂಗೆ ಬರಿ. ಟ್ಯಾಕ್ಸ್ ಎಷ್ಟಾಗ್ತದೋ ಅದನ್ನ ಅಲ್ಲಿದ್ದ ದುಡ್ಡಲ್ಲೇ ಹಿಡ್ಕಣಿ, ಉಳಿದದ್ದು ಕಳ್ಸಿ ಅಂತ ಬರಿ."

ಅವನು ಬರೆದ. ಉತ್ತರ ತಡವಾಗಲಿಲ್ಲ. ಹಾಗೆ ಮಾಡುವುದು ನಿಯಮದಲ್ಲಿ ಇಲ್ಲ, ಸರ್, ಹೊರಗಿನಿಂದಲೇ ಕಟ್ಟಬೇಕು. ಹಾಗಾದರೆ ಒಮ್ಮೆ ಫೋನಿನಲ್ಲಿ ಮುಖ ತೋರಿಸಿ ಮಾತಾಡಿ ಎಂದು ವಾಮನ ಬರೆದ. ಮೀಟಿಂಗಿನಲ್ಲಿದ್ದೇನೆ, ಸರ್. ನಾಳೆ ಮಾತಾಡಿ ಎಂದ. ನಾಳೆ ಖಾತೆ ಮುಚ್ಚುತ್ತದೆ, ಸರ್, ನಿಮ್ಮ ಕುಟುಂಬದ ಭವಿಷ್ಯ ಯೋಚಿಸಿ. ಕೆಳಗೊಂದು ಕೈಮುಗಿದ ಚಿತ್ರ. ವಾಮನ ಫೋನನ್ನು ಜಗಲಿಯ ಮೇಲೆ ಬೋರಲು ಹಾಕಿದ. ಅವನಿಗೆ ನಾನು ಹೊಸದೇನನ್ನೂ ಹೇಳಿರಲಿಲ್ಲ. ಅನ್ನ ಬಿಟ್ಟ ದಿನವೇ ಅವನಿಗೆ ಗೊತ್ತಾಗಿತ್ತು, ಗೊತ್ತಾದದ್ದನ್ನು ಒಬ್ಬನೇ ಇಟ್ಟುಕೊಂಡಿದ್ದ.

"ದುಡ್ಡ್ ಹೋಗ್ಲಿ ಅಕ್ಕಾ" ಎಂದ. "ಹಳೇ ಎಂಜಿನ್ ಬಡ್ದು ಬಡ್ದು ಓಡಿಸ್ತೆ. ಕುಸುಮಕ್ಕಂಗೆ ಹೆಂಗ್ ಹೇಳೂದು? ಅವ್ರೆಲ್ಲಾ ಮೇಡಂ ಮುಖ ನೋಡಿ ಹಾಕಿದ್ದಲ್ಲ. ನಾ ಕರ್ದೆ ಅಂತ ಬಂದವ್ರು."

ಇದೇ ನೋಡಿ ಈ ಮೋಸದ ಗಟ್ಟಿ ಗಂಟು. ಕಳ್ಳ ಎಲ್ಲೋ ದೂರದಲ್ಲಿರುತ್ತಾನೆ, ನಮ್ಮೂರಿಗೆ ಅವನು ಬರುವುದು ನಮ್ಮವರದ್ದೇ ಮುಖ ಹೊತ್ತುಕೊಂಡು. ಮೋಸ ಹೋದವನು ನಾಚಿಕೆಯಿಂದ ಸುಮ್ಮನಾದರೆ ಅವನ ಮೌನವೇ ಮುಂದಿನವರನ್ನು ಒಳಗೆ ತಳ್ಳುತ್ತದೆ. ವಾಮನ ಸುಮ್ಮನಿದ್ದರೆ ಸೋಮವಾರ ಬೆಳಿಗ್ಗೆ ಕುಸುಮಕ್ಕನ ಕೈ ಬರಿದು. ನಾನೇ ಹೋಗಿ ಹೇಳಬಹುದಿತ್ತು, ಬಾಯಿಗೆ ಬಂದಿತ್ತು ಕೂಡ. ಆದರೆ ಕರೆದವನು ಅವನು.

ಅವನೇ, "ಆವತ್ತ್ ಬಲೆ ತುಂಬ ಬರೀ ಲೋಳೆಮೀನ್ ಬಂದಿತ್ತಲ್ಲ, ನೆನಪದ್ಯಾ?" ಎಂದ.

ನೆನಪಿತ್ತು. ಇಡೀ ಊರು ಹೊತ್ತೇರುವ ತನಕ ಎಳೆದು ದಂಡೆಗೆ ತಂದರೆ, ಬಲೆಯಲ್ಲಿ ಒಂದು ಬಂಗಡೆಯಿಲ್ಲ, ಮುಟ್ಟಿದರೆ ಮೈ ತುರಿಸುವ ಲೋಳೆಮೀನಿನ ರಾಶಿ. ಅಪ್ಪ ಆ ರಾಶಿಯ ಮುಂದೆ ನಿಂತು ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ನಂಗೆ ನೋಡೂದ್ ತಪ್ಪಿತು. ಇವತ್ತ್ ಇಲ್ಲ" ಎಂದ, ಎಲ್ಲರಿಗೂ ಕೇಳುವ ಹಾಗೆ. ಜನ ಬಾಯಿಗೆ ಬಂದದ್ದೆಲ್ಲ ಬೈದರು. ಬೈಯುತ್ತಲೇ ಬಲೆ ಕೊಡವಿ, ಬೈಯುತ್ತಲೇ ಮಡಿಸಿ, ಬೈಯುತ್ತಲೇ ದೋಣಿಗೆ ಹಾಕಿಕೊಟ್ಟರು. ಮರುದಿನ ಅಪ್ಪ ಕೂಗು ಹಾಕಿದಾಗ ಎಲ್ಲರೂ ಬಂದಿದ್ದರು.

ವಾಮನ ಎದ್ದು ಅಂಗಿ ಹಾಕಿಕೊಂಡು ಆಚೆಮನೆಗೆ ನಡೆದ. ನೀಲಾ, ನಾನು ಹಿಂದೆ ಹೋದೆವು. ಕುಸುಮಕ್ಕ ಅಂಗಳದಲ್ಲಿ ಚಾಪೆಯ ಮೇಲೆ ಮೀನು ಹರವುತ್ತಿದ್ದಳು, ಕೇರಿಯ ಮತ್ತೆ ಕೆಲವು ಹೆಂಗಸರೂ ಇದ್ದರು. ಅವನು ಚಾಪೆಯ ಅಂಚಿನಲ್ಲಿ ನಿಂತು ತಡವರಿಸದೆ ಹೇಳಿದ. "ಕುಸುಮಕ್ಕಾ, ನಾಳೆ ಅಂಕೋಲೆಗೆ ಹೋಗ್ಬೇಡ. ಬಳೆ ಕೈಯಲ್ಲೇ ಇರ್ಲಿ. ಅದ್ ಮೋಸ. ನಂದೂ ಹೋಯ್ತು, ನಿಮ್ದೂ ಹೋಯ್ತು. ಕರ್ದವ ನಾನು."

ಕುಸುಮಕ್ಕ ಬೈದಳು. ಆ ಬೈಗುಳವನ್ನು ಇಲ್ಲಿ ಬರೆಯುವುದು ಶಕ್ಯವಿಲ್ಲ, ಅಚ್ಚಿನ ಅಕ್ಷರಗಳಿಗೆ ಅಷ್ಟು ಮೈಬಲ ಇಲ್ಲ. ವಾಮನನ ತಾತನಿಂದ ಶುರುವಾಗಿ ಮಿಕ್ಸರಿನ ವರೆಗೆ ಬಂತು. ವಾಮನ ತಲೆ ತಗ್ಗಿಸಿ ನಿಂತೇ ಇದ್ದ. ಬೈದು ದಣಿದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನೀಲಾಳ ಕಡೆ ತಿರುಗಿ, "ಇಂವ ಉಂಡಿದ್ನಾ?" ಎಂದು ಕೇಳಿದಳು. ಇಲ್ಲ ಎಂದಾಗ ಒಳಗೆ ಹೋಗಿ ಗಂಜಿ ತಂದಿಟ್ಟಳು. ವಾಮನ ಅಲ್ಲೇ, ಮೀನಿನ ಚಾಪೆಯ ಪಕ್ಕ ಕೂತು, ಅಳುತ್ತ ಉಂಡ. ಅವಳ ಕೈಯ ಬಳೆಗಳು ಬಟ್ಟಲಿಗೆ ತಾಗಿ ಸದ್ದು ಮಾಡಿದಾಗ ನನಗೆ ಉಸಿರು ಬಂದಂತಾಯಿತು.

ಮರುದಿನ ನಾವೆಲ್ಲ ಮೀನಿನ ಟೆಂಪೋದಲ್ಲೇ ಕಾರವಾರಕ್ಕೆ ಬಂದು ಪೊಲೀಸರಿಗೆ ದೂರು ಕೊಟ್ಟೆವು. ಠಾಣೆಯಲ್ಲಿ ಯಾರ ದೂರು ಎಂದು ಕೇಳಿದರೆ ಎಲ್ಲರೂ ಒಟ್ಟಿಗೇ "ನಂದು" ಎಂದರು. ಅಲ್ಲಿದ್ದ ಹುಡುಗಿ ಪೊಲೀಸು ಪಾಪ, ಮೀನಿನ ವಾಸನೆಗೂ ಆ ಗದ್ದಲಕ್ಕೂ ಅಂಜದೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬರೆದುಕೊಂಡಳು. ಸಂದೇಶಗಳನ್ನು ಅಳಿಸಬೇಡಿ, ಬ್ಯಾಂಕಿಗೆ ಈಗಲೇ ತಿಳಿಸಿ, ಬೇಗ ಬಂದದ್ದು ಒಳ್ಳೆಯದಾಯಿತು, ಹಣ ಬಂದೇ ಬರುತ್ತದೆಂದು ಮಾತ್ರ ಹೇಳಲಾರೆ ಎಂದಳು. ಹೊರಡುವಾಗ ಇನ್ನೊಂದು ಎಚ್ಚರಿಕೆ ಕೊಟ್ಟಳು. ಕಳೆದುಕೊಂಡವರ ಹೆಸರು ನಂಬರು ಆ ಜನ ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಾರೆ, ಹೋದ ಹಣ ವಾಪಸು ಕೊಡಿಸುತ್ತೇವೆಂದು ಇನ್ನೊಬ್ಬ ಫೋನು ಮಾಡುತ್ತಾನೆ, ಅವನಿಗೂ ಮೊದಲು ಶುಲ್ಕ ಬೇಕಿರುತ್ತದೆ. ಅವಳ ಮಾತಿನಲ್ಲಿ ಯಾವ ಭರವಸೆಯೂ ಇರಲಿಲ್ಲ, ಅದಕ್ಕೇ ನನಗೆ ಅವಳ ಮೇಲೆ ನಂಬಿಕೆ ಹುಟ್ಟಿತು.

ಆ ಫೋನು ಮೊನ್ನೆ ಬಂತು. ಮಳೆಗಾಲಕ್ಕೆ ಒಣ ಶೆಟ್ಲಿ, ಅಂದರೆ ಸೀಗಡಿ, ಒಯ್ಯಲೆಂದು ನಾನು ಹಾರವಾಡಕ್ಕೆ ಹೋಗಿದ್ದೆ. ಕುಸುಮಕ್ಕನ ಅಂಗಳದಲ್ಲಿ ಕೂತು ಎಲ್ಲರೂ ಶೆಟ್ಲಿಯ ತಲೆ ಮುರಿಯುತ್ತಿದ್ದೆವು. ಬಿಸಿಲು ನೆತ್ತಿಯಿಂದ ಇಳಿದಿತ್ತು. ವಾಮನನ ಫೋನು ಬಡಿದುಕೊಂಡಿತು, ಅವನು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಎಳೆಯ ದನಿ, ಓದಿ ಒಪ್ಪಿಸುವಂಥ ಕನ್ನಡ. ಸರ್, ನೀವು ಕಳೆದುಕೊಂಡ ಕಾಯಿನ್‌ಗಳನ್ನು ನಮ್ಮ ಸಂಸ್ಥೆ ಪತ್ತೆಹಚ್ಚಿದೆ, ನೋಂದಣಿ ಶುಲ್ಕ ಕಟ್ಟಿದರೆ ಇಂದೇ ಪೂರ್ತಿ ಹಣ ನಿಮ್ಮ ಖಾತೆಗೆ ಬರುತ್ತದೆ.

ವಾಮನ ಬೈಯಲು ಬಾಯಿ ತೆರೆದ. ಕುಸುಮಕ್ಕ ಕೈಯಾಡಿಸಿ ಅವನನ್ನು ಸುಮ್ಮನಾಗಿಸಿ ಫೋನಿನ ಹತ್ತಿರ ಬಗ್ಗಿದಳು.

"ಯಾರ ಮಗನೋ ನೀನು? ಊರ್ ಯಾವ್ದು?"

"ಮೇಡಂ, ನಿಮ್ಮ ಹಣ ಸುರಕ್ಷಿತವಾಗಿದೆ. ಶುಲ್ಕ ಕಟ್ಟಿದರೆ..."

"ಅದಿರ್ಲಿ. ಊಟ ಆಯ್ತಾ ನಿಂದು?"

ಆ ಕಡೆ ದನಿ ನಿಂತಿತು. ಹಿಂದೆಲ್ಲೋ ಬೇರೆ ಬೇರೆ ಹುಡುಗರು ಬೇರೆ ಬೇರೆ ಫೋನುಗಳಲ್ಲಿ ಅದೇ ಮಾತು ಹೇಳುತ್ತಿರುವುದು ಕೇಳಿಸುತ್ತಿತ್ತು. ಆಮೇಲೆ, ಒಪ್ಪಿಸುವ ದನಿಯಲ್ಲಲ್ಲ, ಸಣ್ಣಗೆ, "ಇಲ್ಲ ಅಮ್ಮಾ" ಎಂದ. ಕೂಡಲೇ ಲೈನು ಕಡಿಯಿತು.

ಕೆಲಸದ ಆಸೆ ತೋರಿಸಿ ದೂರದೇಶಕ್ಕೆ ಒಯ್ದು, ಕೂಡಿಹಾಕಿ, ಹುಡುಗರಿಂದ ಇಂಥ ಫೋನು ಮಾಡಿಸುತ್ತಾರಂತೆ, ಪತ್ರಿಕೆಯಲ್ಲಿ ಓದಿದ್ದೆ. ಇವನು ಅಂಥವನೋ, ಅಥವಾ ಊಟದ ಹೊತ್ತು ಮೀರಿದ ಬರೀ ಕಳ್ಳನೋ, ನನಗೆ ತಿಳಿಯದು. ಆದರೆ ಈ ಇಡೀ ವ್ಯವಹಾರದಲ್ಲಿ ಆ ಕಡೆಯಿಂದ ಬಂದ ನಿಜವಾದ ಮಾತು ಅದೊಂದೇ ಎಂದು ನನಗೆ ಅನಿಸಿತು.

"ಬ್ಲಾಕ್ ಮಾಡ್ಲಾ ಕುಸುಮಕ್ಕಾ?" ಎಂದು ವಾಮನ ಕೇಳಿದ.

"ಮಾಡು. ಮತ್ತೆ ಇಟ್ಕಂತ್ಯಾ?" ಎಂದು ಅವಳು ಶೆಟ್ಲಿಯ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. "ಅಂವಂಗೆ ಒಂದ್ ಕಾಸೂ ಕೊಡೂದಿಲ್ಲ ನಾನು. ಈ ಬಾಗ್ಲಿಗೆ ಬಂದ್ ನಿಂತಿದ್ರೆ ಮಾತ್ರ, ಮೊದ್ಲು ಗಂಜಿ ಹಾಕ್ತಿದ್ದೆ. ಉಂಡ್ ಕೈ ತೊಳ್ದ ಮೇಲೆ ಹಿಡ್ದು ಬಡಿತಿದ್ದೆ."